ಒಂದೊಂದು ಕೆಲಸಕ್ಕೂ ಒಂದೊಂದು ಬಯೋಡೇಟಾ: ಬೆಳಗಾವಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಹದಿನಾಲ್ಕು ವರ್ಷ ಕುಳಿತು ಅರ್ಜಿಗಳನ್ನು ಓದಿದವನು ನಾನು. ಈಗ ಭಾನುವಾರಗಳಲ್ಲಿ ನಮ್ಮ ಪಡಸಾಲೆಗೆ ಐಟಿಐ, ಡಿಪ್ಲೊಮಾ, ಬಿ.ಕಾಂ. ಮುಗಿಸಿದವರು ಪ್ಲಾಸ್ಟಿಕ್ ಫೈಲು ಹಿಡಿದು ಬರುತ್ತಾರೆ. ಗೋಕಾಕ, ಅಥಣಿ, ಜಮಖಂಡಿ, ಇಂಡಿ ಕಡೆಯಿಂದ ಬಂದವರೂ ಇದ್ದಾರೆ. ಅವರು ಕೇಳುವುದನ್ನೂ ನಾನು ಹೇಳುವುದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಒಂದೇ ಬಯೋಡೇಟಾದ ಐವತ್ತು ಪ್ರತಿ ತೆಗೆಸಿ ಎಲ್ಲ ಕಡೆ ಕೊಟ್ಟರೆ ಏನು ತಪ್ಪು?

ತಪ್ಪೇನಿಲ್ಲ, ಫಲವೂ ಇಲ್ಲ. ಓದುವವನ ಕುರ್ಚಿಯಲ್ಲಿ ಒಮ್ಮೆ ಕುಳಿತು ನೋಡಿ. ಸೋಮವಾರ ಬೆಳಿಗ್ಗೆ ಮೇಜಿನ ಮೇಲೆ ಎಂಬತ್ತು ಅರ್ಜಿಗಳಿವೆ. ಒಂದು ಕಡೆ ಪಾಳಿಯ ಹಾಜರಿ ತಾಳೆಯಾಗಿಲ್ಲ, ಇನ್ನೊಂದು ಕಡೆ ಕ್ಯಾಂಟೀನಿನ ಗುತ್ತಿಗೆದಾರ ಬಾಗಿಲಲ್ಲಿ ನಿಂತಿದ್ದಾನೆ. ಮೊದಲ ಸುತ್ತಿನಲ್ಲಿ ಒಂದು ಹಾಳೆಗೆ ಅರ್ಧ ನಿಮಿಷ ಸಿಕ್ಕರೆ ದೊಡ್ಡದು. ಆ ಅರ್ಧ ನಿಮಿಷದಲ್ಲಿ ನಾನು ಹುಡುಕುತ್ತಿದ್ದುದು ಒಂದನ್ನೇ: ನಮಗೆ ಬೇಕಾದ ಯಂತ್ರದ ಮುಂದೆ ಈ ಮನುಷ್ಯ ಎಂದಾದರೂ ನಿಂತಿದ್ದಾನೆಯೇ? ಸಿಗುತ್ತಿದ್ದುದು ಮಾತ್ರ 'ಸವಾಲಿನ ವಾತಾವರಣದಲ್ಲಿ ನನ್ನ ಪ್ರತಿಭೆಯನ್ನು ಬೆಳೆಸಿಕೊಂಡು ಸಂಸ್ಥೆಯ ಏಳಿಗೆಗೆ ದುಡಿಯುವುದು ನನ್ನ ಗುರಿ' ಎಂಬ ಸಾಲು. ಅದು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಟೈಪಾಗಿ ಕುಳಿತಿರುತ್ತದೆ, ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ಅದೂ ಪೂರ್ತಿ ಬದಲಾಗಿರಲಿಲ್ಲ. ಹಾಳೆಯ ಮೇಲ್ಗಡೆ ಒಬ್ಬನ ಹೆಸರು, ಕೊನೆಯ ಘೋಷಣೆಯಲ್ಲಿ ಮತ್ತೊಬ್ಬನದು. ಇಬ್ಬರನ್ನೂ ಕರೆಯಲಿಲ್ಲ.

ನಮ್ಮ ಊರು ಫೌಂಡ್ರಿಗಳ ಊರು. ಕುಲುಮೆಯಲ್ಲಿ ಕರಗುವ ಕಬ್ಬಿಣ ಒಂದೇ ಆದರೂ ಪಂಪಿನ ಕವಚಕ್ಕೆ ಒಂದು ಅಚ್ಚು, ಕವಾಟಕ್ಕೆ ಇನ್ನೊಂದು. ನಿಮ್ಮ ಓದು, ದುಡಿಮೆ ಯಾವ ಕಂಪನಿಗೆ ಹೋದರೂ ಅವೇ. ಎರಕ ಹೊಯ್ಯುವ ಅಚ್ಚನ್ನು ಮಾತ್ರ ಕೇಳಿದವರ ನಕ್ಷೆ ನೋಡಿ ಮಾಡಬೇಕು.

ಬಯೋಡೇಟಾ, ರೆಸ್ಯೂಮೆ, ಸಿವಿ: ಮೂರೂ ಬೇರೆ ಬೇರೆಯೇ?

ಪುಸ್ತಕದ ಪ್ರಕಾರ ಬೇರೆ. ರೆಸ್ಯೂಮೆ ಒಂದೆರಡು ಪುಟದ್ದು, ಒಂದು ಕೆಲಸಕ್ಕೆಂದು ಆಯ್ದು ಬರೆದದ್ದು. ಸಿವಿ ಉದ್ದವಾದದ್ದು, ಪ್ರಬಂಧ ಪ್ರಕಟಣೆಗಳಿರುವ ಅಧ್ಯಾಪಕರಿಗೆ ಬೇಕಾಗುವಂಥದ್ದು. ನಮ್ಮ ಕಡೆ ಮೂರನ್ನೂ ಬಯೋಡೇಟಾ ಎನ್ನುತ್ತಾರೆ, ವಧುವರರ ಹಾಳೆಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಗೋತ್ರ, ಎತ್ತರ, ಮೈಬಣ್ಣಗಳೆಲ್ಲ ಕೆಲಸದ ಅರ್ಜಿಗೆ ನುಸುಳಿರುವುದು ಬಹುಶಃ ಹೀಗೆಯೇ.

ಜಾಹೀರಾತಿನಲ್ಲಿ ಓದುವುದಕ್ಕೆ ಏನಿದೆ? ನಾಲ್ಕು ಸಾಲು ಇರುತ್ತದೆ, ಅಷ್ಟೆ.

ಆ ನಾಲ್ಕು ಸಾಲನ್ನೇ ಪೆನ್ನು ಹಿಡಿದು ಓದಿ. ಒಂದು ಮಾದರಿ ತೆಗೆದುಕೊಳ್ಳೋಣ: 'ಗುಣಮಟ್ಟ ತಪಾಸಕ ಬೇಕಾಗಿದ್ದಾರೆ. ಡಿಪ್ಲೊಮಾ ಮೆಕ್ಯಾನಿಕಲ್. ಎರಡು ವರ್ಷದ ಅನುಭವ. ಸಿಎಂಎಂ ಬಲ್ಲವರಿಗೆ ಆದ್ಯತೆ. ನಕ್ಷೆ ಓದುವ ಸಾಮರ್ಥ್ಯ ಇರಬೇಕು. ಮೂರೂ ಪಾಳಿಗೆ ಸಿದ್ಧರಿರಬೇಕು.'

ಇದರಲ್ಲಿ 'ಇರಬೇಕು' ಎಂದಿರುವುದೆಲ್ಲ ಬಾಗಿಲು, 'ಆದ್ಯತೆ' ಎಂದಿರುವುದು ಒಳಗಿನ ಕುರ್ಚಿ. ಡಿಪ್ಲೊಮಾ, ಅನುಭವ, ನಕ್ಷೆ, ಪಾಳಿ ಈ ನಾಲ್ಕಕ್ಕೂ ನಿಮ್ಮ ಹಾಳೆಯ ಮೊದಲ ಅರ್ಧದಲ್ಲೇ ಉತ್ತರವಿರಬೇಕು. ಸಿಎಂಎಂ, ಅಂದರೆ ತುಣುಕಿನ ಅಳತೆಯನ್ನು ಕರಾರುವಾಕ್ಕಾಗಿ ನೋಡುವ ಯಂತ್ರ, ಗೊತ್ತಿಲ್ಲವೆಂದು ಅರ್ಜಿಯನ್ನೇ ಹಾಕದೆ ಕೂರುವವರು ಬಹಳ, ಅದರಲ್ಲೂ ಹುಡುಗಿಯರು. ಆದ್ಯತೆ ಎಂದರೆ ಕಡ್ಡಾಯವಲ್ಲ. ಎರಡು ವರ್ಷ ಕೇಳಿದ ಕಡೆ ನಿಮ್ಮದು ಒಂದೂವರೆ ವರ್ಷವಿದ್ದರೂ ಹಾಕಿ. ಐದು ಕೇಳಿದ ಕಡೆ ಒಂದೂವರೆ ಇದ್ದರೆ ಬೇಡ.

ಇನ್ನೊಂದು ಸಂಗತಿ. ಮೂರು ಪಾಳಿಯ ವಿಷಯ ಜಾಹೀರಾತಿನಲ್ಲಿ ಬಂದಿದೆಯೆಂದರೆ ಹಿಂದಿನವನು ರಾತ್ರಿ ಪಾಳಿಗೆ ಒಲ್ಲೆ ಎಂದು ಬಿಟ್ಟುಹೋಗಿರುವ ಸಾಧ್ಯತೆ ಇದೆ. 'ಮಚ್ಛೆಯಲ್ಲಿ ವಾಸ, ಸ್ವಂತ ದ್ವಿಚಕ್ರ ವಾಹನವಿದೆ, ಮೂರೂ ಪಾಳಿಗೆ ಬರಬಲ್ಲೆ' ಎಂಬ ಒಂದು ಸಾಲು ಅಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ನಾನು ಮೇಜಿನ ಈಚೆಯಿಂದ ನೋಡಿದ್ದೇನೆ.

ಸರಿ, ಹಾಳೆಯಲ್ಲಿ ನಿಜವಾಗಿ ಬದಲಾಗುವುದು ಯಾವ ಯಾವ ಸಾಲು?

ಮೇಲಿನ ಮೂರು ಸಾಲಿನ ಪರಿಚಯ, ಕೌಶಲಗಳ ಸರದಿ, ಪ್ರತಿ ಅನುಭವದ ಕೆಳಗೆ ಬರೆಯುವ ಮೊದಲ ಎರಡು ಸಾಲು. ಉಳಿದದ್ದು ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಇಲ್ಲಿಯ ಒಂದು ಮಷಿನ್ ಶಾಪಿನಲ್ಲಿ ದುಡಿದಿದ್ದ. ಕಂಪ್ಯೂಟರ್ ಆದೇಶದಂತೆ ಲೋಹ ಕೊರೆಯುವ ವಿಎಂಸಿ ಯಂತ್ರ ನಡೆಸುತ್ತಿದ್ದ, ತನ್ನ ತುಣುಕುಗಳನ್ನು ತಾನೇ ಅಳೆಯುತ್ತಿದ್ದ, ಯಂತ್ರ ಕೆಟ್ಟರೆ ದುರಸ್ತಿಯವನ ಜೊತೆ ನಿಂತು ಕೈಜೋಡಿಸುತ್ತಿದ್ದ. ಅವನ ಹಾಳೆಯಲ್ಲಿ ಇದ್ದುದು ಒಂದೇ ಸಾಲು: 'ವಿಎಂಸಿ ಆಪರೇಟರ್ ಆಗಿ 2 ವರ್ಷ.' ಅವನು ಮೂರು ಕಡೆ ಅರ್ಜಿ ಹಾಕಬೇಕೆಂದಿದ್ದ.

ಮೊದಲನೆಯದು ಉದ್ಯಮಬಾಗದ ಇನ್ನೊಂದು ಮಷಿನ್ ಶಾಪು. ಅಲ್ಲಿ ಬೇಕಾದದ್ದು ಉತ್ಪಾದನೆ. ಹೀಗೆ ಬರೆದೆವು: 'ಫ್ಯಾನಕ್ ನಿಯಂತ್ರಣದ ವಿಎಂಸಿಯಲ್ಲಿ ಕವಾಟದ ಕವಚಗಳ ಕೆಲಸ. ಫಿಕ್ಸ್ಚರ್ ಕೂರಿಸುವುದು, ಟೂಲ್ ಆಫ್‌ಸೆಟ್ ಕೊಡುವುದು ಸ್ವತಃ ಮಾಡುತ್ತೇನೆ. ಒಂದು ಪಾಳಿಯಲ್ಲಿ 40 ತುಣುಕು.'

ಎರಡನೆಯದು ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯ. ಅಲ್ಲಿ ವಿಮಾನದ ಬಿಡಿಭಾಗಗಳ ಕೆಲಸ. ವಿಮಾನದ ಭಾಗ ಮಾಡುವವರಿಗೆ ವೇಗಕ್ಕಿಂತ ದಾಖಲೆ ಮುಖ್ಯ, ಯಾವ ತುಣುಕನ್ನು ಯಾರು ಯಾವಾಗ ಅಳೆದರು ಎಂಬ ಕಾಗದ ಮುಖ್ಯ. ಅದಕ್ಕೆಂದು ಅಳತೆಯನ್ನು ಮೇಲೆ ತಂದೆವು: 'ಪ್ರತಿ ಸೆಟಪ್ಪಿನ ಮೊದಲ ತುಣುಕನ್ನು ನಕ್ಷೆಯ ಪ್ರಕಾರ ಅಳೆದು ತಪಾಸಣಾ ಪತ್ರ ತುಂಬುತ್ತೇನೆ. ಮೈಕ್ರೊಮೀಟರ್, ಬೋರ್ ಗೇಜ್, ಹೈಟ್ ಗೇಜ್ ಬಳಕೆ ರೂಢಿಯಿದೆ.' 40 ತುಣುಕಿನ ಮಾತು ಕೆಳಗೆ ಹೋಯಿತು. ವಾಹನದ ಬಿಡಿಭಾಗ ಮಾಡುವವರು ಐಎಟಿಎಫ್ 16949 ಎನ್ನುತ್ತಾರೆ, ವಿಮಾನದವರು ಎಎಸ್ 9100 ಎನ್ನುತ್ತಾರೆ. ಎರಡೂ ಗುಣಮಟ್ಟದ ಮಾನದಂಡಗಳೇ. ಹುಡುಗ ದುಡಿದಿದ್ದು ಮೊದಲನೆಯದನ್ನು ಪಡೆದ ಕಡೆ. ಅದನ್ನು ಇದ್ದಂತೆಯೇ ಬರೆದೆವು, ಎರಡನೆಯದನ್ನು ಸೇರಿಸಲಿಲ್ಲ.

ಮೂರನೆಯದು ಗೋವೆಯ ವೆರ್ಣಾದ ಒಂದು ಔಷಧ ಕಾರ್ಖಾನೆಯ ನಿರ್ವಹಣಾ ವಿಭಾಗ. ಅಲ್ಲಿ ವಿಎಂಸಿಯೇ ಇಲ್ಲ. ದುರಸ್ತಿಯವನ ಜೊತೆ ನಿಂತು ಬೇರಿಂಗ್ ಬದಲಿಸಿದ್ದು, ಹೈಡ್ರಾಲಿಕ್ ಸೋರಿಕೆ ಹಿಡಿದದ್ದು, ತಿಂಗಳ ನಿರ್ವಹಣೆಯ ಪಟ್ಟಿ ತುಂಬಿದ್ದು ಇವೆಲ್ಲ ಆಗ ಮೊದಲಿಗೆ ಬಂದವು. ಇವು ಹಿಂದಿನ ಹಾಳೆಯಲ್ಲಿ ಇರಲೇ ಇಲ್ಲ. ಏಕೆ ಬರೆದಿಲ್ಲವೆಂದು ಕೇಳಿದರೆ, 'ಅದು ನನ್ನ ಕೆಲಸ ಆಗಿರಲಿಲ್ಲವಲ್ಲ ಸರ್' ಎಂದ.

ಪ್ರತಿ ಅರ್ಜಿಗೂ ಹೀಗೆ ಕುಳಿತರೆ ದಿನಗಳೇ ಹೋಗುತ್ತವಲ್ಲ?

ಮೊದಲ ಸಲ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಆ ದಿನ ಒಂದು ಮೂಲ ಪ್ರತಿ ಮಾಡಿಕೊಳ್ಳಿ. ನಾಲ್ಕು ಪುಟವಾಗಲಿ ಆರಾಗಲಿ, ಮಾಡಿದ ಕೆಲಸ, ಮುಟ್ಟಿದ ಯಂತ್ರ, ಕಲಿತ ತಂತ್ರಾಂಶ, ಕಾಲೇಜಿನ ಪ್ರಾಜೆಕ್ಟು, ಊರ ಜಾತ್ರೆಯ ಲೆಕ್ಕಪತ್ರ ನೋಡಿಕೊಂಡದ್ದು ಎಲ್ಲವೂ ಅದರಲ್ಲಿರಲಿ. ಅದನ್ನು ಯಾರಿಗೂ ಕಳುಹಿಸಬೇಡಿ. ಮುಂದೆ ಪ್ರತಿ ಅರ್ಜಿಗೆ ಅದರಿಂದ ಆಯ್ದು ಒಂದು ಪುಟ ಮಾಡಲು ಅರ್ಧ ಗಂಟೆ ಸಾಕು. ವಾರಕ್ಕೆ ಐದೇ ಅರ್ಜಿ ಹಾಕಿದರೂ ಐವತ್ತು ಝೆರಾಕ್ಸಿಗಿಂತ ಮೇಲು.

ಜಾಹೀರಾತಿನ ಪದಗಳನ್ನೇ ನನ್ನ ಹಾಳೆಗೆ ಇಳಿಸಿದರೆ ಅದು ಮೋಸವಲ್ಲವೇ?

ನೀವು ಮಾಡಿದ ಕೆಲಸಕ್ಕೆ ಅವರು ಬಳಸುವ ಹೆಸರನ್ನು ಇಟ್ಟರೆ ಮೋಸವಲ್ಲ. ನೀವು 'ಸ್ಟೋರ್ಸ್' ಎನ್ನುವುದನ್ನು ಅವರು 'ದಾಸ್ತಾನು ನಿರ್ವಹಣೆ' ಎಂದಿದ್ದರೆ ಅವರ ಪದವನ್ನೇ ಬಳಸಿ, ಓದುವವನಿಗೆ ಕೆಲಸ ಹಗುರವಾಗುತ್ತದೆ. ಮಾಡದ ಕೆಲಸಕ್ಕೆ ಹೆಸರಿಟ್ಟರೆ ಮೋಸ, ಅದು ಸಂದರ್ಶನದ ಎರಡನೇ ಪ್ರಶ್ನೆಯವರೆಗೆ ಬಾಳುತ್ತದೆ. ಸಿಎನ್‌ಸಿ ಪ್ರೋಗ್ರಾಮಿಂಗ್, ಅಂದರೆ ಇಂಥ ಯಂತ್ರಕ್ಕೆ ಆದೇಶ ಬರೆಯುವುದು, ಗೊತ್ತು ಎಂದು ಬರೆದಿದ್ದ ಒಬ್ಬನನ್ನು ನಮ್ಮ ಶಾಪಿನ ಮೇಲ್ವಿಚಾರಕರು ಜಿ02, ಜಿ03 ಎಂಬ ಆದೇಶಗಳ ವ್ಯತ್ಯಾಸವೇನೆಂದು ಕೇಳಿದರು. ಒಂದು ಗಡಿಯಾರದ ದಿಕ್ಕಿನ ಕಮಾನು, ಇನ್ನೊಂದು ಅದರ ವಿರುದ್ಧ ದಿಕ್ಕಿನದು. ಪ್ರೋಗ್ರಾಮಿಂಗಿನಲ್ಲಿ ಮೊದಲ ವಾರದ ಪಾಠ ಅದು. ಹುಡುಗ ಫ್ಯಾನಿನ ಕಡೆ ನೋಡಿದ. 'ಕಲಿಯುತ್ತಿದ್ದೇನೆ' ಎಂದು ಬರೆದಿದ್ದರೆ ಬಹುಶಃ ಸೇರಿಸಿಕೊಳ್ಳುತ್ತಿದ್ದರು, ಅಂಥವರಿಗೂ ಜಾಗವಿತ್ತು.

ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರೇ ಅರ್ಜಿ ತಿರಸ್ಕರಿಸುತ್ತದಂತೆ, ನಿಜವೇ?

ಅರ್ಧ ನಿಜ. ಬೆಂಗಳೂರು, ಪುಣೆಯ ದೊಡ್ಡ ಕಂಪನಿಗಳು ಬಂದ ಅರ್ಜಿಗಳನ್ನು ತಂತ್ರಾಂಶದಲ್ಲಿ ಕೂಡಿಡುತ್ತವೆ. ಅದು ನಿಮ್ಮ ಹಾಳೆಯಿಂದ ಹೆಸರು, ಓದು, ಅನುಭವ ಹೆಕ್ಕಿ ಕಾಲಂಗಳಿಗೆ ತುಂಬುತ್ತದೆ. ಆಮೇಲೆ ಅಲ್ಲಿಯ ಸಿಬ್ಬಂದಿ ಪದ ಹಾಕಿ ಹುಡುಕುತ್ತಾರೆ. 'ಟ್ಯಾಲಿ' ಎಂದು ಹುಡುಕಿದಾಗ ನಿಮ್ಮ ಹಾಳೆಯಲ್ಲಿ 'ಲೆಕ್ಕಪತ್ರ ತಂತ್ರಾಂಶ' ಎಂದಷ್ಟೇ ಇದ್ದರೆ ನೀವು ಪಟ್ಟಿಯ ತಳದಲ್ಲಿರುತ್ತೀರಿ, ಇಲ್ಲವೇ ಪಟ್ಟಿಯಲ್ಲೇ ಇರುವುದಿಲ್ಲ. ಅರ್ಜಿ ನಮೂನೆಯಲ್ಲಿ ಹೌದು ಅಲ್ಲ ಎಂದು ಉತ್ತರಿಸುವ ಕಡ್ಡಾಯ ಪ್ರಶ್ನೆಗಳಿದ್ದರೆ ಅಲ್ಲಿ ಮಾತ್ರ ನೇರವಾಗಿ ಕತ್ತರಿ ಬೀಳಬಹುದು.

ಅಲಂಕಾರ ಕಡಿಮೆ ಮಾಡಿ. ಎರಡು ಕಾಲಂಗಳ ವಿನ್ಯಾಸ, ಕೋಷ್ಟಕದೊಳಗೆ ಕೋಷ್ಟಕ, ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟುಕೊಳ್ಳುವುದು ಇವೆಲ್ಲ ತಂತ್ರಾಂಶವನ್ನು ತಬ್ಬಿಬ್ಬು ಮಾಡುತ್ತವೆ. ನಾಲ್ಕು ನಕ್ಷತ್ರ ಎಂದರೇನೆಂದು ಮನುಷ್ಯನಿಗೂ ತಿಳಿಯುವುದಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಮುದ್ರಿಸಿದ ಹಾಳೆಯ ಫೋಟೊ ತೆಗೆದು ಪಿಡಿಎಫ್ ಮಾಡಿ ಕಳುಹಿಸುವುದು. ಅದು ನೋಡಲು ಅಕ್ಷರ, ಕಂಪ್ಯೂಟರಿನ ಪಾಲಿಗೆ ಬರಿಯ ಚಿತ್ರ. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ಅಕ್ಷರಗಳನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಅಲ್ಲಿ ಸಾಲುಗಳು ಸರದಿಯಲ್ಲಿ ಬಂದರೆ ತಂತ್ರಾಂಶಕ್ಕೂ ಬಹುತೇಕ ಓದಲು ಬರುತ್ತದೆ.

ನಮ್ಮ ಊರಿನ ಸಣ್ಣ ಕಾರ್ಖಾನೆಗಳಲ್ಲಿ ಬಹುಪಾಲು ನನ್ನಂಥ ಕನ್ನಡಕದವನೊಬ್ಬ ಓದುತ್ತಾನೆ. ಅಕ್ಷರದ ಗಾತ್ರ 11ಕ್ಕಿಂತ ಕಡಿಮೆ ಮಾಡಬೇಡಿ.

ಕನ್ನಡದಲ್ಲಿ ಬರೆಯಬಹುದೇ?

ಜಾಹೀರಾತು ಕನ್ನಡದಲ್ಲಿ ಬಂದಿದ್ದರೆ ಧಾರಾಳವಾಗಿ ಬರೆಯಿರಿ. ಸಹಕಾರಿ ಸಂಘ, ಪತ್ರಿಕಾ ಕಚೇರಿ, ಕನ್ನಡ ಮಾಧ್ಯಮದ ಶಾಲೆ, ಗೊಬ್ಬರ ಬೀಜದ ವಿತರಕರು ಇವರಿಗೆಲ್ಲ ಕನ್ನಡದ ಹಾಳೆ ಚೆನ್ನಾಗಿಯೇ ಒಪ್ಪುತ್ತದೆ. ಒಂದು ಎಚ್ಚರಿಕೆ: ಯೂನಿಕೋಡಿನಲ್ಲೇ ಟೈಪು ಮಾಡಿಸಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ವರ್ಡ್ ಕಡತ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆಯುತ್ತದೆ. ಕಾರ್ಖಾನೆ, ಆಸ್ಪತ್ರೆ, ಬ್ಯಾಂಕುಗಳಿಗೆ ಇಂಗ್ಲಿಷಿನಲ್ಲೇ ಇರಲಿ. ಆದರೆ ನೀವು ಬಾಯಲ್ಲಿ ಹೇಳಬಲ್ಲಷ್ಟೇ ಸರಳವಾದ ಇಂಗ್ಲಿಷ್ ಸಾಕು.

ನನಗೆ ಅನುಭವವೇ ಇಲ್ಲ. ಮನೆಯ ಹೊಲ, ಅಪ್ಪನ ಅಂಗಡಿ ಬಿಟ್ಟರೆ ಬೇರೆ ಗೊತ್ತಿಲ್ಲ.

ಈ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಬಾಗಲಕೋಟೆ ಕಡೆಯ ಒಬ್ಬ ಬಿ.ಎಸ್ಸಿ. ಹುಡುಗ ಹನಿ ನೀರಾವರಿ ಕಂಪನಿಯ ಕ್ಷೇತ್ರ ಸಹಾಯಕನ ಕೆಲಸಕ್ಕೆ ಅರ್ಜಿ ಹಾಕಲು ಬಂದಿದ್ದ. ಹಾಳೆಯಲ್ಲಿ ಅನುಭವ ಶೂನ್ಯ, ಹವ್ಯಾಸ ಕ್ರಿಕೆಟ್. ಮಾತಿಗೆಳೆದರೆ ಮನೆಯಲ್ಲಿ ನಾಲ್ಕು ಎಕರೆ ದಾಳಿಂಬೆ ಇದೆ. ಫಿಲ್ಟರ್ ತೊಳೆಯುವವನು ಇವನು, ವೆಂಚುರಿಯಲ್ಲಿ ಗೊಬ್ಬರ ಬಿಡುವವನು ಇವನು, ಡ್ರಿಪ್ಪರುಗಳಲ್ಲಿ ಉಪ್ಪು ಕಟ್ಟಿದಾಗ ಆಮ್ಲ ಬಿಟ್ಟು ಬಿಡಿಸುವವನೂ ಇವನೇ. ಕಂಪನಿಯವರು ರೈತನ ಹೊಲದಲ್ಲಿ ನಿಂತು ವಿವರಿಸಬೇಕಾದದ್ದು ಇಷ್ಟನ್ನೇ! ಕ್ರಿಕೆಟ್ ತೆಗೆದು ಇದನ್ನು ಮೊದಲ ಸಾಲಿಗೆ ತಂದೆವು.

ಇನ್ನೊಬ್ಬಳು ಗುಳೇದಗುಡ್ಡದವಳು, ಖಣದ ವ್ಯಾಪಾರದ ಮನೆಯ ಬಿ.ಕಾಂ. ಹುಡುಗಿ. ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತೆಯ ಜಾಗ ಖಾಲಿಯಿತ್ತು. ಸಾಲ ಖಾತೆಗಳನ್ನು ನೋಡಿಕೊಳ್ಳುವ ಕೆಲಸ. ಮೂರು ವರ್ಷದಿಂದ ಮನೆಯ ಉದ್ರಿ ಪುಸ್ತಕ ಇವಳ ಕೈಯಲ್ಲಿದೆ. ಯಾವ ಊರಿನ ಯಾವ ಅಂಗಡಿ ಎಷ್ಟು ಬಾಕಿ, ಯಾರಿಗೆ ಫೋನ್ ಮಾಡಿದರೆ ದುಡ್ಡು ಬರುತ್ತದೆ, ಯಾರ ಬಳಿ ಅಣ್ಣನೇ ಹೋಗಿ ನಿಲ್ಲಬೇಕು, ಎಲ್ಲ ಬಾಯಿಪಾಠ. 'ಕುಟುಂಬದ ಬಟ್ಟೆ ವ್ಯಾಪಾರದಲ್ಲಿ ಸುಮಾರು 60 ಗ್ರಾಹಕರ ಉದ್ರಿ ಖಾತೆ ನಿರ್ವಹಣೆ, ತಿಂಗಳ ವಸೂಲಾತಿ ಪಟ್ಟಿ ತಯಾರಿ' ಎಂದು ಬರೆದಾಗ ಅವಳು, 'ಇದೂ ಅನುಭವವೇ ಕಾಕಾ?' ಎಂದು ಕೇಳಿದಳು. ಸಂಬಳದ ಚೀಟಿ ಇಲ್ಲದ ಕೆಲಸವೂ ಕೆಲಸವೇ. ಅದನ್ನು 'ಕುಟುಂಬದ ವ್ಯಾಪಾರ' ಎಂದು ಸ್ಪಷ್ಟವಾಗಿ ಬರೆಯಿರಿ, ಕಂಪನಿಯ ಹೆಸರು ಕಟ್ಟಬೇಡಿ.

ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸ ಮಾಡಿದ್ದೇನೆ. ಪ್ರತಿ ವರ್ಷ ಕೆಲವು ತಿಂಗಳು ಖಾಲಿ. ಹೇಗೆ ತೋರಿಸಲಿ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಗಳಲ್ಲಿ ಇದು ಮನೆಮನೆಯ ಕಥೆ. ಬೇರೆ ಬೇರೆ ಸಾಲಾಗಿ ನವೆಂಬರ್‌ನಿಂದ ಮಾರ್ಚ್ ಎಂದು ಬರೆದರೆ ಹೊರಗಿನವರಿಗೆ ನಾಲ್ಕು ಸಲ ಕೆಲಸ ಬಿಟ್ಟವನಂತೆ ಕಾಣುತ್ತದೆ. ಒಂದೇ ಸಾಲಿನಲ್ಲಿ 'ಕಬ್ಬು ನುರಿಸುವ ನಾಲ್ಕು ಹಂಗಾಮು, ಪ್ರತಿ ವರ್ಷವೂ ಮರಳಿ ಕರೆದಿದ್ದಾರೆ' ಎಂದು ಬರೆಯಿರಿ. ಮರಳಿ ಕರೆದಿದ್ದಾರೆ ಎಂಬುದೇ ನಿಮ್ಮ ಪ್ರಮಾಣಪತ್ರ. ಪ್ರಯೋಗಾಲಯದಲ್ಲಿ ಇದ್ದವರು ಬ್ರಿಕ್ಸ್, ಪೋಲ್ (ಕಬ್ಬಿನ ರಸದಲ್ಲಿ ಕರಗಿದ ಘನಾಂಶ, ಸಕ್ಕರೆಯ ಅಂಶ) ನೋಡಿದ್ದನ್ನೂ, ಬಾಯ್ಲರ್ ಬಳಿ ಇದ್ದವರು ಅಟೆಂಡೆಂಟ್ ಪ್ರಮಾಣಪತ್ರದ ದರ್ಜೆಯನ್ನೂ ಬಿಡದೆ ಬರೆಯಬೇಕು. ವಿಜಯಪುರ ಜಿಲ್ಲೆಯ ಕೂಡಗಿಯಂಥ ಉಷ್ಣ ವಿದ್ಯುತ್ ಸ್ಥಾವರದ ಗುತ್ತಿಗೆದಾರರಾಗಲಿ, ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗಳವರಾಗಲಿ ನೋಡುವುದು ಅದನ್ನೇ.

ಮೂರು ವರ್ಷ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದಿದೆ. ಆಗಲಿಲ್ಲ. ಆ ಅವಧಿಯನ್ನು ಮುಚ್ಚಿಡಲೇ?

ಬೇಡ. ಧಾರವಾಡ, ವಿಜಯಪುರದ ಕೋಣೆಗಳಲ್ಲಿ ಓದಿದವರು ಎಷ್ಟು ಜನರೆಂಬುದು ಓದುವವನಿಗೂ ಗೊತ್ತು, ಅವನ ತಮ್ಮನೂ ಅಲ್ಲೇ ಓದುತ್ತಿರಬಹುದು. 'ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆ' ಎಂದು ವರ್ಷಗಳ ಸಮೇತ ಒಂದು ಸಾಲು ಸಾಕು. ಅವರ ನಿಜವಾದ ಅನುಮಾನ ಬೇರೆ: ಮುಂದಿನ ಅಧಿಸೂಚನೆ ಬಂದ ದಿನ ಇವನು ಬಿಟ್ಟು ಓಡುತ್ತಾನೆಯೇ? ಬಿಟ್ಟು ಹೋಗುವುದಿಲ್ಲ ಎಂಬುದು ನಿಮ್ಮ ನಿರ್ಧಾರವಾಗಿದ್ದರೆ ಅರ್ಜಿಯ ಜೊತೆಗಿನ ಪತ್ರದಲ್ಲಿ ಹೇಳಿ. ಆಗಿಲ್ಲದಿದ್ದರೆ ಹೇಳಬೇಡಿ.

ಮರಾಠಿ ಬರುತ್ತದೆ ಎಂದು ಬರೆಯಬೇಕೇ?

ಖಂಡಿತ. ಕೊಲ್ಹಾಪುರ, ಸಾಂಗ್ಲಿ, ಪುಣೆಯ ಕೆಲಸಕ್ಕೆ ಅದು ಮೊದಲ ಅರ್ಧ ಪುಟದಲ್ಲೇ ಇರಲಿ. ಗಡಿಯ ಎರಡೂ ಬದಿಯ ಗ್ರಾಹಕರ ಜೊತೆ ಮಾತಾಡಬಲ್ಲವರು ಮಾರಾಟದ ಕೆಲಸದಲ್ಲಿ ಚಿನ್ನ. 'ಮಾತಾಡುತ್ತೇನೆ' ಮತ್ತು 'ಓದಿ ಬರೆಯುತ್ತೇನೆ' ಎಂಬುದನ್ನು ಬೇರ್ಪಡಿಸಿ ಬರೆಯಿರಿ.

ಅಂಕಪಟ್ಟಿಯಲ್ಲಿ ಬೆಳಗಾಂ, ಬಿಜಾಪುರ ಎಂದಿದೆ. ಯಾವ ಹೆಸರು ಬರೆಯಲಿ?

ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ನಿಮ್ಮ ವಿಳಾಸಕ್ಕೆ ಈಗಿನ ಹೆಸರು, ಸಂಸ್ಥೆಗೆ ಅಂಕಪಟ್ಟಿಯಲ್ಲಿ ಇದ್ದ ಹೆಸರು. ವಿಶ್ವವಿದ್ಯಾಲಯದ ವಿಷಯದಲ್ಲೂ ಜಾಗ್ರತೆ ಇರಲಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ. ಅದಕ್ಕೂ ಮೊದಲು ಇಲ್ಲಿಯ ಕಾಲೇಜುಗಳಲ್ಲಿ ಪದವಿ ಪಡೆದವರ ಪತ್ರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೆಂದಿರುತ್ತದೆ. ನಿಮ್ಮ ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ.

ಫೋಟೊ, ಜಾತಿ, ತಂದೆಯ ಹೆಸರು, ಘೋಷಣೆ?

ಕೇಳಿದರೆ ಫೋಟೊ, ಕೇಳದಿದ್ದರೆ ಬೇಡ. ಜಾತಿ, ಧರ್ಮ, ರಕ್ತದ ಗುಂಪು, ಆಧಾರ್ ಸಂಖ್ಯೆ ಖಾಸಗಿ ಕೆಲಸದ ಹಾಳೆಗೆ ಬೇಕಿಲ್ಲ. ಆಧಾರ್ ಸಂಖ್ಯೆಯನ್ನಂತೂ ಕಂಡ ಕಂಡ ಕಡೆ ಹಂಚಬೇಡಿ. ಘೋಷಣೆ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಉಳಿದ ಜಾಗದಲ್ಲಿ ಒಂದು ಯಂತ್ರದ ಹೆಸರು ಹಿಡಿಸುತ್ತದೆ.

ಸರ್ಕಾರಿ ಹುದ್ದೆಗೂ ಹೀಗೆ ಬದಲಿಸಬೇಕೇ?

ಇಲ್ಲ. ಅಲ್ಲಿ ನಿಗದಿತ ನಮೂನೆ, ಮೀಸಲಾತಿ ಪ್ರಮಾಣಪತ್ರ, ಕೊನೆಯ ದಿನಾಂಕ ಇಷ್ಟೇ ಮುಖ್ಯ. ವಿಜಯಪುರದವರು ಆಗಾಗ ಕೇಳುವುದರಿಂದ ಒಂದು ಮಾತು: ಸಂವಿಧಾನದ 371ಜೆ ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಸೇರಿದ್ದು. ಪಕ್ಕದಲ್ಲೇ ಇದ್ದರೂ ವಿಜಯಪುರ, ಬಾಗಲಕೋಟೆ ಅದರಲ್ಲಿ ಇಲ್ಲ, ಬೆಳಗಾವಿಯೂ ಇಲ್ಲ.

ಪರಿಚಯದವರ ವಾಟ್ಸಾಪಿಗೆ ಕಳುಹಿಸಿದರೆ ಸಾಲದೇ?

ಸಾಲುತ್ತದೆ, ನಮ್ಮ ಕಡೆ ಅರ್ಧ ಕೆಲಸಗಳು ಹಾಗೆಯೇ ಸಿಗುತ್ತವೆ. ಆದರೆ ಆ ಮಾವನೋ ಕಾಕಾನೋ ಅದನ್ನು ಮುಂದಕ್ಕೆ ದಾಟಿಸುವಾಗ 'ನಮ್ಮ ಹುಡುಗ, ನೋಡಿ' ಎಂದಷ್ಟೇ ಬರೆಯುತ್ತಾರೆ. ನೀವೇ ಎರಡು ಸಾಲು ಬರೆದುಕೊಡಿ: ಯಾವ ಹುದ್ದೆ, ಎಷ್ಟು ವರ್ಷ, ಯಾವ ಯಂತ್ರ ಅಥವಾ ತಂತ್ರಾಂಶ. ಕಡತದ ಹೆಸರು 'ಹೊಸದು ಕೊನೆಯದು 2' ಎಂದಿರದೆ ನಿಮ್ಮ ಹೆಸರು, ಹುದ್ದೆ ಸೇರಿ ಇರಲಿ. ಕೆಲಸ ಕೊಡಿಸಲು ಹಣ ಕೇಳುವವರಿಗೆ ಹಾಳೆಯನ್ನೂ ಕೊಡಬೇಡಿ, ಹಣವನ್ನೂ ಕೊಡಬೇಡಿ.

ಬೇರೆ ಬೇರೆ ಪ್ರತಿ ಮಾಡಿದರೆ ಯಾವುದನ್ನು ಯಾರಿಗೆ ಕಳುಹಿಸಿದೆ ಎಂಬುದೇ ಮರೆಯುತ್ತದಲ್ಲ?

ಮರೆಯುತ್ತದೆ. ನಾನು ಮೇಲೆ ಹೇಳಿದ ವಿಎಂಸಿ ಹುಡುಗನಿಗೂ ಮರೆತಿತ್ತು. ಗೋವೆಯಿಂದ ಫೋನ್ ಬಂದಾಗ ಅವನು ಸಂಕೇಶ್ವರದ ಬಸ್ಸಿನಲ್ಲಿ ನಿಂತಿದ್ದ. ಅವರು ಬೇರಿಂಗ್ ವಿಷಯ ಕೇಳಿದರೆ ಇವನು ಬೋರ್ ಗೇಜ್ ವಿಷಯ ಹೇಳಿದ. ಪುಣ್ಯಕ್ಕೆ ನೆಟ್‌ವರ್ಕ್ ಕಡಿದುಹೋಯಿತು. ಬಸ್ಸಿಳಿದು, ಮೊಬೈಲಿನಲ್ಲಿದ್ದ ಆ ಪ್ರತಿಯನ್ನು ಓದಿಕೊಂಡು, ತಾನೇ ತಿರುಗಿ ಫೋನ್ ಮಾಡಿದ. ಈಗ ಅವನ ಬಳಿ 40 ಪುಟದ ಒಂದು ನೋಟುಬುಕ್ಕಿದೆ. ಅದರಲ್ಲಿ ದಿನಾಂಕ, ಕಂಪನಿ, ಹುದ್ದೆ, ಕಡತದ ಹೆಸರು ಎಂದು ನಾಲ್ಕು ಕಾಲಂ ಎಳೆದಿದ್ದಾನೆ. ಹತ್ತು ದಿನವಾದರೂ ಸುದ್ದಿ ಬರದಿದ್ದರೆ ವಿಚಾರಿಸಿದ್ದನ್ನು ಬರೆಯಲು ಐದನೆಯದನ್ನು ನಾನು ಹಾಕಿಸಿದೆ.